ರಾಚಮ್ಮನ ಮುಡಿಪು

ಚೆಂಡುಹೂ ಬಿಡಿಸುವ ಕಾಲ ಬಂತೆಂದರೆ ಹಂಗಳದ ಹೆಂಗಸರ ಕೈ ಹಳದಿಯಾಗಿಯೇ ಇರುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗದು. ಉಣ್ಣುವ ಕೈಯೂ ಹಳದಿ, ಮಗುವನ್ನು ತಟ್ಟಿ ಮಲಗಿಸುವ ಕೈಯೂ ಹಳದಿ, ದೇವರಿಗೆ ಮುಗಿಯುವ ಕೈಯೂ ಹಳದಿ. ಎಪ್ಪತ್ತು ದಾಟಿದ ರಾಚಮ್ಮನ ಕೈಯಂತೂ ಹೂವಿಲ್ಲದ ಕಾಲದಲ್ಲೂ ತುಸು ಹಳದಿಯೇ. ಯಾರಾದರೂ ಕೇಳಿದರೆ, "ಬಣ್ಣ ಒಳೀಕೇ ಇಳ್ದೋಗದೆ ಬುಡು" ಅನ್ನುತ್ತಿದ್ದಳು.

ಅವತ್ತು ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದ ಮಂಜು ಇಳಿದು ಬಂದು ಹೊಲದ ಮೇಲೇ ಕೂತುಬಿಟ್ಟಿತ್ತು. ಹತ್ತು ಮಾರು ಆಚೆ ಬಗ್ಗಿದವಳ ಬೆನ್ನು ಕಾಣುತ್ತಿರಲಿಲ್ಲ, ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆ ಮಂಜಿನೊಳಗಿಂದ ರಾಚಮ್ಮನ ಮೊಮ್ಮಗಳು ಹರ್ಷಿತಾ, ಗುಂಡ್ಲುಪೇಟೆಯ ಕಾಲೇಜಿಗೆ ಹೊರಟವಳು, ಬಸ್ಸು ಬಿಟ್ಟು ಫೋನು ಹಿಡಿದುಕೊಂಡು ಬಂದಳು.

"ಅಜ್ಜಿ, ನಿನ್ನ ಸೋಮಪ್ಪ ಟಿವೀಲಿ ಬಂದವ್ರೆ."

"ಬರ್ದೆ ಏನು? ಮೈಸೂರಲ್ಲಿ ಆರ ಆಕ್ತಾರೆ ಅಂದಿದ್ರು."

"ಹಾರ ಅಲ್ಲ ಕಣಜ್ಜಿ. ಮಾತು ಕೇಳು."

ಸೋಮಪ್ಪ, ಅಂದರೆ ಸೋಮೇಶ್, ಬದನಗುಪ್ಪೆಯಲ್ಲಿ ಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆ ಕಟ್ಟಿದವನು. ಹಂಗಳ ಮೊದಲುಗೊಂಡು ಸುತ್ತಲ ಎಷ್ಟೋ ಊರುಗಳ ಚೆಂಡುಹೂ ಅವನ ಬಾಗಿಲಿಗೇ ಹೋಗುತ್ತಿತ್ತು. ವಯಸ್ಸು ನಲವತ್ತೆರಡು. ಉದ್ಯಮಿಗಳ ಸಂಘವೊಂದು ಈ ವರ್ಷ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿ ಹಾರ ಹಾಕಿತ್ತು. ಆ ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಮಾತಾಡುತ್ತಿದ್ದ.

"ಮನೆಯವರು ಎಲ್ಲಿ ಅಂತ ಎಲ್ಲ ಸಭೆಯಲ್ಲೂ ಕೇಳ್ತೀರಿ. ಇಷ್ಟು ವರ್ಷ ನಕ್ಕು ಸುಮ್ಮನಾಗ್ತಿದ್ದೆ. ಇವತ್ತು ಹೇಳಿಬಿಡ್ತೀನಿ. ನನಗೆ ಹೆಂಡತಿ ಅಂತ ಯಾರೂ ಬರೋದಿಲ್ಲ. ನನ್ನ ಮನಸ್ಸು ಒಲಿಯೋದು ಗಂಡಸರಿಗೆ. ಹುಟ್ಟಿದ್ದೇ ಹೀಗೆ. ಇದನ್ನ ಬಚ್ಚಿಟ್ಟುಕೊಂಡು ಈ ಹಾರಕ್ಕೆ ಕತ್ತು ಕೊಡೋದು ಸರಿ ಅನ್ನಿಸಲಿಲ್ಲ."

ಸಭೆಯಲ್ಲಿ ಎಲ್ಲೋ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಒಂದೇ ಜೊತೆ ಕೈ. ಅಲ್ಲಿಗೆ ವಿಡಿಯೋ ನಿಂತಿತು.

ಹೆಂಗಸರು ಮಂಜಿನಿಂದ ಒಬ್ಬೊಬ್ಬರಾಗಿ ಎದ್ದು ಬಂದು ಫೋನಿನ ಸುತ್ತ ನಿಂತಿದ್ದರು. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಚಾಮುಂಡಿಯೇ, ಎಲ್ಲರಿಗಿಂತ ಬಾಯಿ ಜೋರಿನವಳು, ಸೊಂಟಕ್ಕೆ ಕೈ ಕೊಟ್ಟಳು.

"ಅದ್ಕೇ ಪುಣ್ಯಾತ್ಮ ಒಂದು ದಿನಾನೂ ಕಣ್ಣೆತ್ತಿ ನೋಡ್ನಿಲ್ಲ! ಅವ್ರು ಹೊಲಕ್ಕೆ ಬತ್ತಾರೆ ಅಂತ ನಾನು ಒಳ್ಳೆ ಸೀರೆ ಉಟ್ಕಂಡು ಬತ್ತಿದ್ದದ್ದೆಲ್ಲ ದಂಡ ಆಯ್ತಲ್ಲವ್ವ."

ನಗು ಹೊಲದ ತುಂಬ ಹರಡಿತು. ರಾಚಮ್ಮ ನಗಲಿಲ್ಲ.

"ಅಂಗಾರೆ ಮದುವೆ ಆಗಾಕಿಲ್ವಾ?" ಎಂದಳು.

"ಇಲ್ಲ ಕಣಜ್ಜಿ."

"ಯಾವತ್ತೂ?"

"ಯಾವತ್ತೂ."

ರಾಚಮ್ಮ ಮಂಕರಿಯನ್ನು ಕೆಳಗಿಟ್ಟು ಸಾಲಿನ ನಡುವೆಯೇ ಕೂತುಬಿಟ್ಟಳು. ತುಂಬ ಹೊತ್ತು ಹೂಗಳ ಮೇಲೆ ಅವಳ ತಲೆ ಮಾತ್ರ ಕಾಣುತ್ತಿತ್ತು.

ಅವಳು ಕೂತದ್ದಕ್ಕೆ ಕಾರಣ ಅವಳ ಮನೆಯ ತೊಲೆಯ ಮೇಲಿತ್ತು.

ಸೋಮೇಶನ ತಾಯಿ ಚಿಕ್ಕಮಲ್ಲಮ್ಮನವರ ಜಮೀನು ಇದ್ದದ್ದು ಹಂಗಳದಲ್ಲೇ. ರಾಚಮ್ಮ ಅವರ ಮನೆಗೆ ಕೆಲಸಕ್ಕೆ ಬಂದಾಗ ಸೋಮೇಶ್ ಎಂಟು ತಿಂಗಳ ಕೂಸು. ಸೊಂಟದ ಮೇಲಿಂದ ಇಳಿಸದೆ ಬೆಳೆಸಿದಳು. ಜನರ ಮುಂದೆ, ಒಡೆಯರಿಗೆ ಅನ್ನುವ ಹಾಗೆ, 'ಬುದ್ಧಿ' ಅನ್ನುತ್ತಿದ್ದಳು, ಯಾರೂ ಇಲ್ಲದಾಗ 'ಮಗ' ಅನ್ನುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಚಿಕ್ಕಮಲ್ಲಮ್ಮ ಹಾಸಿಗೆ ಹಿಡಿದಾಗ ಇವಳನ್ನು ಕರೆಸಿ, ಕೈಯ ಮೇಲೆ ಕೈಯಿಟ್ಟು, "ರಾಚಿ, ನನ್ನ ಮಗನಿಗೊಂದು ಮದುವೆ ಅಂತ ಆಗೋಗಂಟ ಅವನ ಕೈ ಬುಡಬ್ಯಾಡ ಕಣೆ" ಅಂದಿದ್ದರು. ಮೂರನೇ ದಿನ ತೀರಿಕೊಂಡರು.

ತಿಥಿ ಕಳೆದ ಮೇಲೆ ರಾಚಮ್ಮ ಬಿಳಿ ಬಟ್ಟೆಯ ಚೂರೊಂದನ್ನು ಅರಿಸಿನದಲ್ಲಿ ಅದ್ದಿ, ಒಂದು ರೂಪಾಯಿಯ ಬಿಲ್ಲೆ ಇಟ್ಟು ಗಂಟು ಹಾಕಿ, ತೊಲೆಗೆ ಮುಡಿಪು ಕಟ್ಟಿದಳು. "ಏಳುಮಲೆ ಮಾದಪ್ಪ, ನನ್ನ ಕೂಸು ಹೆಂಡ್ತಿ ಕರ್ಕಂಡು ನಿನ್ನ ಬೆಟ್ಟಕ್ಕೆ ಬರೋಗಂಟ ನಾನೂ ನಿನ್ನ ಬೆಟ್ಟಕ್ಕೆ ಕಾಲಿಡಾಕಿಲ್ಲ" ಎಂದು ಹರಸಿಕೊಂಡಳು. ದೇವರಿಗೇ ಪಟ್ಟು ಹಾಕಿದ ಹಾಗೆ. ತನ್ನನ್ನು ನೋಡದೆ ಮಾದಪ್ಪನಿಗೂ ಇರಲಾಗದು, ಬೇಗ ಮದುವೆ ಮಾಡಿಸಿಯಾನು ಎಂಬ ಸಲಿಗೆ ಅವಳದು. ಅಲ್ಲಿಯವರೆಗೆ ಅವಳು ಒಂದು ವರ್ಷವೂ ಬೆಟ್ಟ ತಪ್ಪಿಸಿದವಳಲ್ಲ, ನಡೆದೇ ಹೋಗಿ ಬರುತ್ತಿದ್ದಳು. ಆಮೇಲಿನ ಹನ್ನೊಂದು ವರ್ಷ, ಪರಸೆ ಹೊರಟ ಜನಕ್ಕೆ ನೀರುಮಜ್ಜಿಗೆ ಕೊಟ್ಟು, ಊರ ಕೊನೆಯ ಹುಣಸೇಮರದವರೆಗೆ ಅವರ ಹಿಂದೆ ಹೋಗಿ, 'ಉಘೇ' ಎಂಬ ಕೂಗು ಕಿವಿಗೆ ಕೇಳುವವರೆಗೂ ನಿಂತಿದ್ದು ಹಿಂದಿರುಗುತ್ತಿದ್ದಳು. ಈಗ ಮಂಡಿ ಸವೆದಿತ್ತು. ಒಂದು ಕಣ್ಣಿಗೆ ಪೊರೆ ಬಂದು ಇನ್ನೊಂದಕ್ಕೂ ಬರುತ್ತಿತ್ತು. ಕಣ್ಣು ಪೂರ್ತಿ ಮುಚ್ಚುವುದರೊಳಗೆ ಮಾದಪ್ಪನ ಮುಖ ಒಮ್ಮೆ ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಆ ಬಾಗಿಲನ್ನು ಸೋಮೇಶನ ಮಾತು ಇವತ್ತು ಮುಚ್ಚಿಬಿಟ್ಟಿತ್ತು.

ಸಂಜೆ ಹೊಲದಿಂದ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಮಾದಣ್ಣನ ಟೀ ಅಂಗಡಿಯ ಮುಂದೆ ಅದೇ ಮಾತು ಕುದಿಯುತ್ತಿತ್ತು. ಸೋಮೇಶನ ದೂರದ ನೆಂಟರು, ಊರಿನ ದೊಡ್ಡ ಜಮೀನುದಾರರು ಚಿಕ್ಕಬಸವಯ್ಯನವರು, ಬೆಂಚಿನ ಮೇಲೆ ಕೂತು ತೊಡೆ ಬಡಿದುಕೊಳ್ಳುತ್ತಿದ್ದರು.

"ಮನೆತನದ ಮಾನ ತೆಗೆದುಬುಟ್ಟ. ನಾನು ಮಠಕ್ಕೆ ಯಾವ ಮುಖ ಇಟ್ಕಂಡು ಹೋಗನ? ಇನ್ಮೇಲೆ ಅವನ ಕಾರ್ಖಾನೆಗೆ ಒಂದು ಹೂವೂ ಹಾಕಲ್ಲ."

"ಮತ್ತೇನ್ ಮಾಡೀರಿ ಬುದ್ಧಿ, ಮುಡ್ಕಂಡೀರಾ?" ಅಂದ ಹೂವಿನ ಲಾರಿ ಓಡಿಸುವ ಕನಕರಾಜು. "ನಂಗೊಂದು ಅರ್ಥಾಗಾಕಿಲ್ಲ ಕಣ್ಲಾ ಮಾದಣ್ಣ. ಅವ್ರ ಹಾಸ್ಗೆ ಸುದ್ದಿ ಕಟ್ಕಂಡು ನಮ್ಗೇನಾಗ್ಬೇಕು? ನನ್ನ ಹಾಸ್ಗೆಲಿ ನಂಗೇ ಜಾಗ ಇಲ್ಲ, ಮೂರು ಮಕ್ಕಳು ಅಡ್ಡಡ್ಡ ಬಿದ್ದಿರ್ತಾವೆ."

"ಮೊನ್ನೆ ನಿಮ್ಮ ಗೃಹಪ್ರವೇಶದ ಬ್ಯಾನರಲ್ಲಿ ಅವರ ಪಟವೇ ದೊಡ್ಡದಾಗಿತ್ತಲ್ಲ ಬುದ್ಧಿ, ಅದ್ನೂ ಹರದಾಕ್ಬೇಕಾ?" ಎಂದು ಮಾದಣ್ಣ ಟೀ ಎತ್ತಿ ಹೊಯ್ಯುತ್ತಲೇ ಕೇಳಿದ.

ಅಷ್ಟರಲ್ಲಿ ಚಿಕ್ಕಬಸವಯ್ಯನವರ ಕಣ್ಣಿಗೆ ರಾಚಮ್ಮ ಸಿಕ್ಕಳು. "ಎಲ್ಲ ಇವಳ ಮುದ್ದು. ಹೆಂಗಸಿನ ಸೊಂಟದ ಮೇಲೇ ಬೆಳೆದ ನೋಡು, ಅದ್ಕೇ ಹಿಂಗಾದ."

ರಾಚಮ್ಮ ನಿಂತಳು. "ನಿಮ್ಮನ್ನ ಯಾರ ಸೊಂಟದ ಮೇಲೆ ಬೆಳೆಸಿದ್ರು ಬುದ್ಧಿ, ನಿಮ್ಮಪ್ಪಾರದ್ದಾ?"

ಅಂಗಡಿ ಘೊಳ್ಳೆಂದಿತು. ಅವಳು ಮಾತ್ರ ನಗಿಸಿದ್ದು ತಾನೆಂಬ ಗ್ಯಾನವೇ ಇಲ್ಲದವಳ ಹಾಗೆ ಮನೆಗೆ ಹೋದಳು.

ಮಾರನೆಯ ದಿನ ಮಧ್ಯಾಹ್ನ ಮುದ್ದೆ ಉಂಡು ಹೊಲದ ಬದುವಿನಲ್ಲಿ, ಬಿಡಿಸಿದ ಹೂವಿನ ರಾಶಿಗೆ ಒರಗಿದವಳಿಗೆ ಕಣ್ಣು ಹತ್ತಿತು. ಕನಸಿನಲ್ಲೂ ಅದೇ ಹೊಲ, ಅದೇ ಬಿಸಿಲು. ಸಾಲಿನ ಕೊನೆಯಲ್ಲಿ ಒಂದು ಹುಲಿ ಕೂತಿತ್ತು. ಬಂಡೀಪುರದ ಕಾಡಿನಿಂದ ದನ ಹಿಡಿಯಲು ಬರುವ ಹುಲಿಯಲ್ಲ, ಇದರ ಕತ್ತಿನಲ್ಲಿ ರುದ್ರಾಕ್ಷಿ ಇತ್ತು. ಬೆನ್ನು ಬರಿದಾಗಿತ್ತು. ಮೇಲೆ ಕೂರಬೇಕಾದ ಮಾದಪ್ಪ ಇರಲಿಲ್ಲ. ಹುಲಿ ಗರ್ಜಿಸಲಿಲ್ಲ, ಹತ್ತಿರ ಬರಲಿಲ್ಲ. ಮನೆಯವರು ಬಾಗಿಲು ತೆಗೆಯಲಿ ಎಂದು ಜಗುಲಿಯ ಮೇಲೆ ಕಾಯುವ ನೆಂಟನಂತೆ ಸುಮ್ಮನೆ ಕಾಯುತ್ತಿತ್ತು. "ಏನಪ್ಪಾ?" ಎಂದು ಕೇಳುವಷ್ಟರಲ್ಲಿ ಎಚ್ಚರವಾಯಿತು.

ಅವಳು ನೇರ ನಂಜಯ್ಯನ ಮನೆಗೆ ಹೋದಳು. ನಂಜಯ್ಯ ಮಾದಪ್ಪನ ಗುಡ್ಡ. ಹುಟ್ಟುವ ಮೊದಲೇ ತಾಯಿ ಹರಸಿಕೊಂಡು ದೇವರಿಗೆ ಬಿಟ್ಟ ಮಗ, ಕಂಸಾಳೆ ಹಿಡಿದು ಆ ದೇವರ ಕಥೆ ಹಾಡುತ್ತಲೇ ಮುದುಕನಾದವನು. ಎಲ್ಲ ಕೇಳಿ ಎಲೆಯಡಿಕೆ ಮಡಚಿದ.

"ಮುಡಿಪು ಸುಮ್ಸುಮ್ನೆ ಬಿಚ್ಚಾಕಾಗಾಕಿಲ್ಲ ಕಣಕ್ಕ. ನಡೀದೇ ಇರೋ ಹರಕೆಗೆ ತಪ್ಪುಕಾಣಿಕೆ ಅಂತ ಒಂದದೆ. ತಪ್ಪು ಮಾಡ್ದೋರು ಬೆಟ್ಟಕ್ಕೆ ಬಂದು, ತಪ್ಪಾಯ್ತು ಅಂತ ಒಪ್ಕಂಡು, ಅದೇ ಗಂಟ ಹುಂಡೀಗೆ ಹಾಕ್ಬೇಕು. ಆಗ ಬಾಕ್ಲು ತೆಗೀತದೆ."

"ಅಂಗಾರೆ ಅವನ್ನೇ ಕರೀತೀನಿ."

"ತಪ್ಪು ಯಾರ್ದು ಅಂತ ಗೊತ್ತು ಮಾಡ್ಕಂಡು ಕರಿ" ಅಂದ ನಂಜಯ್ಯ. ಬಾಯಿ ತುಂಬ ಎಲೆ ಇದ್ದುದರಿಂದ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ರಾಚಮ್ಮ ತೊಲೆಯಿಂದ ಮುಡಿಪನ್ನು ಇಳಿಸಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಗುಂಡ್ಲುಪೇಟೆಯಲ್ಲಿ ಬದಲಿಸಿ ಚಾಮರಾಜನಗರದ ಬಸ್ಸು. ಅಲ್ಲೂ ಹಿಂದಿನ ಸೀಟಿನವರು ಸೋಮೇಶನನ್ನೇ ಆಡಿಕೊಳ್ಳುತ್ತಿದ್ದರು. ಒಬ್ಬ ಥೂ ಅಂದ. ಇನ್ನೊಬ್ಬ, "ಗಂಡ್ಸು ಅಂದ್ರೆ ಅವ್ನೇ ಕಣ್ಲಾ, ಅಷ್ಟು ಜನದ ಮುಂದೆ ಹೇಳಾಕೆ ಎಷ್ಟು ಗುಂಡಿಗೆ ಬೇಕು!" ಅಂದ. ರಾಚಮ್ಮ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಹಳದಿ ಹೊಲಗಳು ಹಿಂದಕ್ಕೆ ಹೋಗುತ್ತಲೇ ಇದ್ದವು.

ಕಾರ್ಖಾನೆಯ ಗೇಟಿನಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ಸೋಮೇಶನ ಮೇಜಿನ ಮೇಲೆ ಎರಡು ಫೋನುಗಳು ಬೋರಲು ಬಿದ್ದಿದ್ದವು, ಆಗಾಗ ನಡುಗುತ್ತಿದ್ದವು. ಅವನು ಎತ್ತುತ್ತಿರಲಿಲ್ಲ. ಇವಳನ್ನು ಕಂಡು ಎದ್ದು ನಿಂತ.

"ನೀನೂ ಬೈಯೋಕೆ ಬಂದ್ಯಾ ರಾಚವ್ವ?"

"ಯಾರ್ಯಾರು ಬೈದ್ರು?"

"ಸುಮಾರು ಜನ. ಮೆಚ್ಚಿದೋರೂ ಇದ್ದಾರೆ. ಸಂಘದೋರು ಮುಂದಿನ ಸಭೆ ಸದ್ಯಕ್ಕೆ ಬೇಡ ಅಂದ್ರು. ನಿನ್ನೆ ಯಾರೋ ವಯಸ್ಸಾದೋರು, ಅಳೋ ದನೀಲೇ ಗೊತ್ತಾಗ್ತಿತ್ತು, ಫೋನ್ ಮಾಡಿ ಒಂದು ಮಾತೂ ಆಡದೆ ಅತ್ತರು. ಅತ್ತು ಇಟ್ಟುಬಿಟ್ರು. ಹೆಸರೂ ಹೇಳಲಿಲ್ಲ."

ರಾಚಮ್ಮ ಮುಡಿಪನ್ನು ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷದ ಹೊಗೆ ಕುಡಿದು ಅದು ಕಪ್ಪಾಗಿತ್ತು, ಗಂಟಿನ ಮಡಿಕೆಯೊಳಗೆ ಮಾತ್ರ ಅರಿಸಿನ ಉಳಿದಿತ್ತು. ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಸಿಟ್ಟು ಬಂತು.

"ಹನ್ನೊಂದು ವರ್ಷ ಮಗ! ಒಂದ್ಮಾತು ನಂಗೆ ಹೇಳಬಾರದಾಗಿತ್ತಾ? ಟಿವಿಯೋರಿಗೆ ಹೇಳ್ದೆ, ಹಾರ ಹಾಕೋರಿಗೆ ಹೇಳ್ದೆ. ನಾನು ಹುಣಸೇಮರದ ಕೆಳಗೆ ನಿಂತೇ ಮುದುಕಿ ಆದ್ನಲ್ಲ!"

ಸೋಮೇಶನಿಗೆ ಹರಕೆಯ ಸಂಗತಿಯೇ ಗೊತ್ತಿರಲಿಲ್ಲ. ಆ ಗಂಟನ್ನು ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆಳೆದುಕೊಂಡ.

"ನೀನು ಬಂದು, ತಪ್ಪಾಯ್ತು ಮಾದಪ್ಪ ಅಂತ ಒಂದ್ಮಾತು ಅಂದು ಇದ್ನ ಹುಂಡೀಗೆ ಹಾಕ್ಬುಡು" ಎಂದಳು. "ನಾನೂ ಅವನ ಮಕ ನೋಡ್ಕತೀನಿ. ಕಣ್ಣು ಓಯ್ತಾ ಅವೆ ಕಣಪ್ಪ."

ಹೊರಗೆ ರಾಶಿ ಹಾಕಿದ ಹೂವಿನ ಹುಳಿವಾಸನೆ ಕಿಟಕಿಯಿಂದ ಬರುತ್ತಿತ್ತು.

"ಬೆಟ್ಟಕ್ಕೆ ನಾಳೆಯೇ ಬರ್ತೀನಿ ರಾಚವ್ವ. ಹೊತ್ಕೊಂಡಾದ್ರೂ ಹತ್ತಿಸ್ತೀನಿ. ತಪ್ಪಾಯ್ತು ಅಂತ ಮಾತ್ರ ಅನ್ನಲಾರೆ. ಊರಿಗೂ ಅಂದಿಲ್ಲ. ಅವನಿಗಂತೂ ಹೇಗನ್ನಲಿ? ನನ್ನ ಹೀಗೆ ಮಾಡಿ ಕಳಿಸಿದೋನು ಅವನೇ ಅಲ್ವಾ?"

"ನಿಮ್ಮವ್ವ ಇದ್ದಿದ್ರೆ ಎದೆ ಒಡ್ಕಂಡು ಸಾಯ್ತಿದ್ರು."

"ಅವ್ವನಿಗೆ ಗೊತ್ತಿತ್ತು."

ರಾಚಮ್ಮ ತಲೆ ಎತ್ತಿದಳು.

"ಹಾಸಿಗೆ ಹಿಡಿದಾಗ ಹೇಳಿದೆ. ಒಂದು ಹೊತ್ತೆಲ್ಲ ಗೋಡೆ ಕಡೆ ತಿರುಗಿ ಮಲಗಿದ್ರು. ಸಾಯಂಕಾಲ ಹತ್ರ ಕೂರಿಸ್ಕೊಂಡು ನನ್ನ ತಲೆ ಬಾಚಿದ್ರು, ಚಿಕ್ಕೋನಿಗೆ ಬಾಚೋ ಹಾಗೆ. 'ನಾನು ಹೋದ್ಮೇಲೆ ನಿಂಗೆ ಒಬ್ಬರು ಅಂತ ಬೇಕಲ್ಲ, ನಾನು ನೋಡ್ತೀನಿ ಇರು' ಅಂದ್ರು. ಮಾರನೇ ದಿನವೇ ನಿನ್ನ ಕರೆಸಿದ್ದು."

ಚಿಕ್ಕಮಲ್ಲಮ್ಮನವರ ಆ ದಿನದ ಕೈಯ ಭಾರ ಈಗ ಮತ್ತೆ ರಾಚಮ್ಮನ ಕೈಯ ಮೇಲೆ ಬಂದು ಕೂತಂತಾಯಿತು. ಮದುವೆ ಆಗೋಗಂಟ ಕೈ ಬುಡಬ್ಯಾಡ. ಆಗದ ಮದುವೆ ಎಂದು ಗೊತ್ತಿದ್ದೇ ಅಂದ ಮಾತು.

"ಬೋ ಘಾಟಿ ಕಣಪ್ಪ ನಿಮ್ಮವ್ವ" ಎಂದಳು ಕೊನೆಗೆ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಸಾಯೋಗಂಟ ನನ್ನ ನಿಂಜೊತೆಗೆ ಕಟ್ಟಾಕ್ಬುಟ್ರು. ನಾನು ದಡ್ಡಮುಂಡೆ, ಅದ ತಿಳೀದೆ ಮಾದಪ್ಪನ್ನ ಕಟ್ಟಾಕಾಕೆ ಹೋದೆ."

ಮುಡಿಪನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. "ನಾಳೆ ಬಾ. ತಪ್ಪಿನ ಇಚಾರ ಅಲ್ಲಿ ನೋಡನ."

ಮಾದಪ್ಪನ ಹತ್ತಿರ ಕಾರಿನ ಗಾಜು ಏರಿಸಿಕೊಂಡು ಹೋಗಬಾರದೆಂದು ಅವಳ ಹಟ. ಹಾಗಾಗಿ ಕೊಳ್ಳೇಗಾಲ, ಹನೂರಿನ ಮೇಲೆ ಸರ್ಕಾರಿ ಬಸ್ಸಿನಲ್ಲೇ ಹೋದರು. ತಾಳಬೆಟ್ಟ ದಾಟಿ ಬಸ್ಸು ತಿರುವು ತಿರುವಾಗಿ ಏರುವಾಗ ರಾಚಮ್ಮ ಒಂದೊಂದು ಬಂಡೆಯನ್ನೂ ಹಳೆಯ ಗುರುತಿನವರಂತೆ ಮಾತಾಡಿಸುತ್ತಿದ್ದಳು. ಬೆಟ್ಟಗಳ ಹಿಂದೆ ಬೆಟ್ಟ, ಅದರ ಹಿಂದೆ ನೀಲಿಯಾಗಿ ಇನ್ನೊಂದು. ಅವಳ ಕಣ್ಣಿಗೆ ಎಲ್ಲವೂ ಮಂಜು. ಆದರೂ ಬೆರಳು ತೋರಿಸಿದ ಕಡೆ ಅವಳು ಹೇಳಿದ್ದೇ ಇರುತ್ತಿತ್ತು.

ಗುಡಿಯ ಮುಂದೆ ಬಂದವಳು ಒಳಗೆ ಹೋಗಲಿಲ್ಲ. ಅಂಗಳದ ಧೂಳು ಗುಡಿಸುವುದು ಮಾದಪ್ಪನಿಗೊಂದು ಸೇವೆ. ರಜ ಹೊಡೆಯುವುದು ಎನ್ನುತ್ತಾರೆ. "ಹನ್ನೊಂದು ವರ್ಷದ ಬಾಕಿ ಅದೆ" ಎಂದು ಪೊರಕೆ ತೆಗೆದುಕೊಂಡಳು. ನಾಲ್ಕು ಮಾರು ಗುಡಿಸುವಷ್ಟರಲ್ಲಿ ಮಂಡಿ ಹಿಡಿಯಿತು. ಸೋಮೇಶ್ ಟವೆಲ್ಲನ್ನು ಸೊಂಟಕ್ಕೆ ಬಿಗಿದು ಅವಳ ಕೈಯಿಂದ ಪೊರಕೆ ತೆಗೆದುಕೊಂಡ. ಅವನು ಬಗ್ಗಿ ಗುಡಿಸುತ್ತಾ ಹೋದ, ಅವಳು ಪಕ್ಕದಲ್ಲಿ ನಡೆಯುತ್ತಾ, "ಆ ಮೂಲೆ ಬುಟ್ಟೆ ನೋಡು, ಇತ್ತ ಇತ್ತ" ಎಂದು ತೋರಿಸುತ್ತಾ ಹೋದಳು.

ಗುರುತು ಹಿಡಿಯುವವರು ಎಲ್ಲೆಲ್ಲೂ ಇರುತ್ತಾರೆ. ಚಂದಕವಾಡಿಯ ಅರಿಸಿನದ ಬೆಳೆಗಾರ ಮರಿಮಲ್ಲಪ್ಪ ಎಂಬಾತ ಮನೆಯವರೊಡನೆ ಬಂದಿದ್ದ. ಮೊದಲು ಕಣ್ಣು ಕಿರಿದು ಮಾಡಿ ನೋಡಿದ, ಆಮೇಲೆ ಫೋನು ತೆಗೆದ. ಅವನ ಸುತ್ತ ಹತ್ತು ಜನ ಸೇರಿದರು. ಒಂದಿಬ್ಬರು ಸೋಮೇಶ್ ಗುಡಿಸಿದ ಜಾಗದಿಂದ ಮಕ್ಕಳನ್ನು ಈಚೆ ಎಳೆದುಕೊಂಡರು.

"ಬದನಗುಪ್ಪೆ ಯಜಮಾನ್ರಲ್ವಾ?" ಎಂದು ಮರಿಮಲ್ಲಪ್ಪ ಎಲ್ಲರಿಗೂ ಕೇಳುವಂತೆ ಅಂದ. "ಟಿವೀಲಿ ದೊಡ್ಡದಾಗಿ ಹೇಳ್ಬುಟ್ಟು ಈಗ ಇಲ್ಲಿ ಪಾಪ ಗುಡಿಸ್ತಾವ್ರೆ ನೋಡ್ರಪ್ಪ. ತಪ್ಪುಕಾಣಿಕೆ ತಂದಿದ್ದೀರಾ ಸಾರ್?"

ಸೋಮೇಶ್ ಬಗ್ಗಿದ್ದವನು ಬಗ್ಗಿಯೇ ಇದ್ದ. ಪೊರಕೆ ನಿಂತಿತು. ಅವನ ಕತ್ತಿನ ಹಿಂಭಾಗ ಕೆಂಪಗಾದದ್ದು ಅರೆಗಣ್ಣಿನ ರಾಚಮ್ಮನಿಗೂ ಕಂಡಿತು. ಒಂದೇ ಒಂದು ಮಾತು ಅವನು ಅಂದುಬಿಟ್ಟರೆ ಇವರೆಲ್ಲ ತಣ್ಣಗಾಗುತ್ತಾರೆ, ಮುಡಿಪು ಬಿಡುತ್ತದೆ, ಗುಡಿಯ ಬಾಗಿಲು ಹತ್ತು ಹೆಜ್ಜೆಯ ಆಚೆಗಿದೆ. ಅವಳು ಕೇಳಿಕೊಂಡು ಬಂದದ್ದೂ ಅದನ್ನೇ. ಆಗ ನಂಜಯ್ಯನ ಮಾತು ನೆನಪಾಯಿತು. ತಪ್ಪು ಯಾರ್ದು ಅಂತ ಗೊತ್ತು ಮಾಡ್ಕಂಡು ಕರಿ.

ಅವಳು ಎಲೆಯಡಿಕೆ ಚೀಲಕ್ಕೆ ಕೈ ಹಾಕಿ ಕಪ್ಪು ಗಂಟನ್ನು ತೆಗೆದು ಎತ್ತಿ ಹಿಡಿದಳು.

"ತಂದಿವ್ನಿ ಕಣಪ್ಪ, ನಾನು ತಂದಿವ್ನಿ. ತಪ್ಪು ನಂದು. ಇವನದಲ್ಲ."

"ನಿಮ್ದೇನಜ್ಜಿ ತಪ್ಪು?"

"ಇವನ್ನ ಒಂದ್ಮಾತು ಕೇಳ್ದೆ ಇವನ ಬಾಳ್ನ ಗಂಟು ಹಾಕಿ ತೊಲೇಗೆ ನೇತಾಕಿದ್ದೆ. ಹನ್ನೊಂದು ವರ್ಷ. ದೇವ್ರಿಗೂ ಪಟ್ಟು ಹಾಕ್ದೆ. ಅದ ಒಪ್ಕಳಾಕೆ ಬಂದಿವ್ನಿ. ಇವನು ನಂಜೊತೆ ಬಂದವ್ನೆ, ನಂಗೆ ಮಂಡಿ ಬರಾಕಿಲ್ಲ ಅಂತ ನನ್ನ ಸೇವೆ ಮಾಡ್ತಾವ್ನೆ. ಪಟ ತಗಿಯಂಗಿದ್ರೆ ನಂದು ತಕ್ಕ ಕಣಪ್ಪ. ತಪ್ಪು ಮಾಡ್ದೋಳು ನಾನು."

ಮರಿಮಲ್ಲಪ್ಪನ ಫೋನು ಮೇಲಿದ್ದದ್ದು ಅಲ್ಲೇ ಸ್ವಲ್ಪ ಹೊತ್ತು ಇತ್ತು. ಅವನ ಹೆಂಡತಿ ಮೊಣಕೈಯಲ್ಲಿ ತಿವಿದು, "ಮಡಿಕ್ಕೊಳಿ ಒಳೀಕೆ, ದೇವ್ರ ಮುಂದೆ" ಎಂದಳು. ಸೇರಿದವರಲ್ಲಿ ಕೆಲವರು ಗೊಣಗುತ್ತಾ ಹೋದರು. ಕೆಲವರು ಅಲ್ಲೇ ನಿಂತರು. ಮರಿಮಲ್ಲಪ್ಪನ ಹೆಂಡತಿ ಮಾತ್ರ ಮಗುವಿನ ಕೈ ಹಿಡಿದುಕೊಂಡು, ಗುಡಿಸಿದ ಜಾಗದ ಮೇಲೇ ಹಾದು ಒಳಕ್ಕೆ ಹೋದಳು. ಸೋಮೇಶ್ ಉಳಿದ ಅಂಗಳವನ್ನೂ ಗುಡಿಸಿ ಮುಗಿಸಿದ.

ಒಳಗೆ ಸಾಲು ನಿಧಾನವಾಗಿ ಜರುಗಿತು. ಹುಂಡಿಯ ಮುಂದೆ ರಾಚಮ್ಮ ಕೈ ಚಾಚಿ ಗಂಟನ್ನು ಬಿಟ್ಟಳು. ಅದು ಬಿದ್ದ ಸದ್ದು ಕೇಳಲಿಲ್ಲ. ಆಮೇಲೆ ದೀಪದ ಬೆಳಕಿನೆದುರು ನಿಂತಾಗ ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ಪೊರೆಯ ಹಿಂದೆ ಬೆಳಕೊಂದು ಅರಳಿದ ಹೂವಿನ ಹಾಗೆ ಅಲುಗುತ್ತಿತ್ತು, ಅದರ ನಡುವೆ ಮಾದಪ್ಪನ ಮುಖ.

"ಕಾಣ್ತದಾ ರಾಚವ್ವ?" ಎಂದು ಸೋಮೇಶ್ ಕಿವಿಯಲ್ಲಿ ಕೇಳಿದ.

"ಸುಮ್ಕಿರು ಮಗ. ಅವನು ನೋಡ್ತಾವ್ನೆ."

ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರು ಸೋಮೇಶನಿಗೆ ಟಿಕೆಟ್ ಕೊಟ್ಟು, ರಾಚಮ್ಮನ ಆಧಾರ್ ಕಾರ್ಡ್ ನೋಡಿ ಫ್ರೀ ಟಿಕೆಟ್ ಹರಿದ. "ಒಂದೇ ಮನೆಯೋರಾ ಸಾರ್?" ಎಂದು ಸುಮ್ಮನೆ ಕೇಳಿದ. ಸೋಮೇಶ್ ಹೌದೆಂದು ತಲೆಯಾಡಿಸುವಷ್ಟರಲ್ಲಿ ಅವನು ಮುಂದಿನ ಸೀಟಿಗೆ ಹೋಗಿದ್ದ.

ಇಳಿಜಾರು ಮುಗಿಯುವ ಮೊದಲೇ ರಾಚಮ್ಮ 'ಮಗ'ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು, ಬಸ್ಸಿನ ತುಂಬ ಜನರಿದ್ದರೂ. ಕನಸಿನ ಹೊಲದ ಕೊನೆಯಲ್ಲಿ ಹುಲಿ ಇನ್ನೂ ಕೂತಿತ್ತು. ಅವಳನ್ನು ನೋಡಿ ಎದ್ದಿತು, ಮೈ ಮುರಿಯಿತು. ಸಾಲು ಸಾಲು ಚೆಂಡುಹೂವನ್ನು ಹೊಟ್ಟೆಯಿಂದ ಸವರಿಕೊಂಡು ಮಂಜಿನೊಳಕ್ಕೆ ನಡೆದುಹೋಯಿತು.

ಹನೂರಿನಲ್ಲಿ ಬಸ್ಸು ನಿಂತಾಗ ಎಚ್ಚರವಾಯಿತು.

"ನಾಳೆ ಹೂ ಬಿಡಸ್ಬೇಕು" ಎಂದಳು ಕಣ್ಣು ಉಜ್ಜಿಕೊಂಡು. "ಕನಕರಾಜೂನ ಬೇಗ ಕಳಿಸು, ಬಿಸಿಲಾದ್ರೆ ಬಾಡ್ತವೆ."

"ಚಿಕ್ಕಬಸವಯ್ಯೋರು ಹೂ ಹಾಕಲ್ವಂತೆ."

"ಹಾಕ್ದಿದ್ರೆ ಬುಡ್ಲಿ. ಅವರದ್ದು ಅವರ ಹೊಲದಲ್ಲೇ ಇರ್ಲಿ, ನೋಡಾಕೆ ಚೆಂದಾಗಿರ್ತದೆ" ಎಂದು ಮತ್ತೆ ಕಣ್ಣು ಮುಚ್ಚಿದಳು.